ಪೆಟ್ಟಿಗೆಯ ಹಿಂದಿನ ಮೂಲೆ

೨೦೦೩ ಮಾರ್ಚ್ ೩, ಸೋಮವಾರ

ಶಾಲೆಯ ಹಳೆಯ ಹಾಜರಿ ಪುಸ್ತಕದಲ್ಲಿ ಇದನ್ನು ಬರೆಯುತ್ತಿದ್ದೇನೆ. ಮೊದಲ ಕೆಲವು ಪುಟಗಳಲ್ಲಿ ೧೯೮೯ರ ಮಕ್ಕಳ ಹೆಸರುಗಳಿವೆ. ಆಮೇಲೆ ಎಲ್ಲ ಖಾಲಿ. ಹತ್ತು ವರ್ಷ ನಮ್ಮ ಬೋಗನ್‌ವಿಲ್ ದ್ವೀಪದಲ್ಲಿ ಗುಂಡು ಹಾರಿಸುವುದೊಂದೇ ನಡೆದದ್ದರಿಂದ ಹಾಜರಿ ಕೂಗುವವರು ಯಾರೂ ಇರಲಿಲ್ಲ. ಕಾಗದ ಚೆನ್ನಾಗಿದೆ, ದಂಡವಾಗುವುದು ಬೇಡ.

ಇವತ್ತು ನನ್ನ ಕೊರಳಿಗೆ ಕೀಲಿ ಬಿತ್ತು. ಶಾಲೆಯ ಮೈದಾನದ ಕೊನೆಯಲ್ಲಿ, ನನ್ನ ಮನೆಯ ಪಕ್ಕದಲ್ಲೇ, ದೊಡ್ಡ ಮಳೆಮರದ ಕೆಳಗೆ, ಹಡಗಿನಲ್ಲಿ ಸಾಮಾನು ತರುವಂಥ ಕಬ್ಬಿಣದ ಪೆಟ್ಟಿಗೆ ತಂದು ಇಳಿಸಿದ್ದಾರೆ. ನಮ್ಮ ಭಾಗದ ಬಂದೂಕುಗಳೆಲ್ಲ ಅದರೊಳಗೆ. ಬಾಗಿಲಿಗೆ ಎರಡು ಬೀಗ. ಒಂದರ ಕೀಲಿ ವಿಶ್ವಸಂಸ್ಥೆಯ ಮಿಸ್ಟರ್ ಓಲಾಫ್ ಹತ್ತಿರ. ಇನ್ನೊಂದು ಯಾರ ಹತ್ತಿರ ಇರಬೇಕೆಂದು ಎರಡು ದಿನ ಜಗಳವಾಯಿತು. ಕಾಡಿನಲ್ಲಿದ್ದು ಸರ್ಕಾರದ ವಿರುದ್ಧ ಹೋರಾಡಿದವರು ಶಿಬಿರದವರನ್ನು ನಂಬುವುದಿಲ್ಲ. ಶಿಬಿರದಲ್ಲಿದ್ದು ಸೈನ್ಯದ ಜೊತೆ ಸೇರಿಕೊಂಡವರು ಕಾಡಿನವರನ್ನು ನಂಬುವುದಿಲ್ಲ. ಕೊನೆಗೆ ಯಾರೋ, ಪೆಟ್ಟಿಗೆ ಕೂತಿರುವ ನೆಲ ಯಾರದು ಎಂದು ಕೇಳಿದರಂತೆ. ನೆಲ ನಮ್ಮ ಕುಲದ್ದು. ನಮ್ಮಲ್ಲಿ ನೆಲ ತಾಯಿಯಿಂದ ಮಗಳಿಗೆ ಬರುತ್ತದೆ, ಕುಲದ ಹಿರಿಯ ಹೆಣ್ಣು ನಾನು. ಹೀಗೆ ಐವತ್ತನಾಲ್ಕನೇ ವಯಸ್ಸಿನಲ್ಲಿ ಟೀಚರ್ ಅಪೊಲೋನಿಯಾ ಬೀಗದ ಕಾವಲುಗಾರ್ತಿಯಾದಳು.

ಷರತ್ತೊಂದು ಹಾಕಿದ್ದಾರೆ. ಬಂದೂಕು ಹಿಡಿದಿದ್ದವರು ಯಾವ ಕಡೆಯವರೇ ಆಗಲಿ, ನನ್ನ ಮನೆಯ ಅಂಗಳಕ್ಕೆ ಕಾಲಿಡುವಂತಿಲ್ಲ. ಮನೆಗೂ ಪೆಟ್ಟಿಗೆಗೂ ಬೇಲಿಯಂತಿರುವ ಕ್ರೋಟನ್ ಗಿಡಗಳ ಸಾಲಿನಾಚೆ ನಿಂತೇ ಮಾತಾಡಬೇಕು. ಅಂದರೆ ಮಗ ಲಿನಸ್ ಕೂಡ. ಹದಿನಾರನೇ ವಯಸ್ಸಿಗೆ ಕಾಡಿಗೆ ಹೋದವನು, ಈಗ ಇಪ್ಪತ್ತಾರು. ಚಾಪೆ ಸುತ್ತಿಕೊಂಡು ಕೋಕೋ ಒಣಗಿಸುವ ಶೆಡ್ಡಿಗೆ ಹೊರಟ.

"ಸರ್ಕಾರ ಅಷ್ಟು ವರ್ಷ ಒದ್ದಾಡಿದ್ರೂ ನನ್ನ ನಿನ್ನಿಂದ ದೂರ ಮಾಡೋಕಾಗ್ಲಿಲ್ಲ. ಶಾಂತಿ ಒಪ್ಪಂದ ಒಂದೇ ದಿನದಲ್ಲಿ ಮಾಡ್ತು ನೋಡಮ್ಮ" ಅಂದ.

ನಕ್ಕೆ. ಅವನು ಹೋದ ಮೇಲೆ ನಗು ಬರಲಿಲ್ಲ.

ಪೆಟ್ಟಿಗೆಗೆ ಆ ಜಾಗ ತೋರಿಸಿದ್ದು ಸೈನ್ಯದ ಜೊತೆಗಿದ್ದ ಕಮಿಲಸ್ ಅಂತೆ. ಹೊಸ ತರಗತಿಗೆಂದು ಗೂಟ ಹೊಡೆದಿದ್ದ ಜಾಗ ಅದು, ಇನ್ನು ಪೆಟ್ಟಿಗೆ ಏಳುವವರೆಗೆ ಶಾಲೆಯೂ ಇಲ್ಲ. ಅವನ ಹೆಸರು ಬರೆಯುವುದಕ್ಕೇ ನನಗೆ ಇಷ್ಟವಿಲ್ಲ. ಹತ್ತು ವರ್ಷದ ಹಿಂದೆ ಬೊನಿ ಅಣ್ಣನನ್ನು ಹೊಳೆಯ ದಾರಿಯಲ್ಲಿ ಹಿಡಿದುಕೊಂಡು ಹೋದವನು ಅವನು. ಅಣ್ಣ ಔಷಧಿ ಚೀಲ ಹೊತ್ತು ಊರೂರು ತಿರುಗುತ್ತಿದ್ದ ಕಾಂಪೌಂಡರ್. ಆಮೇಲೆ ಅವನೂ ಇಲ್ಲ, ಅವನ ಮೂಳೆಯೂ ಇಲ್ಲ. ಸೇತುವೆ ಹತ್ತಿರ ಬೇರೆಯವರಿಗೆ ಒಪ್ಪಿಸಿದೆ, ಮುಂದಿನದು ಗೊತ್ತಿಲ್ಲ ಎಂದು ಕಮಿಲಸ್ ಇವತ್ತಿಗೂ ಹೇಳುತ್ತಾನೆ.

ಮಾರ್ಚ್ ೬, ಗುರುವಾರ

ಮಿಸ್ಟರ್ ಓಲಾಫ್ ಬಂದಿದ್ದ. ಇನ್ನು ಎರಡು ವಾರಕ್ಕೊಮ್ಮೆ ಗುರುವಾರ ಬಂದು ಬೀಗ ಅಲುಗಾಡಿಸಿ ನೋಡಿ ಹೋಗುತ್ತಾನಂತೆ. ನಾವೆಲ್ಲ ಆಡುವ ಪಿಜಿನ್ ಭಾಷೆಯಲ್ಲಿ ಅವನ ಮಾತು ಕೇಳಿದರೆ ಒಂದನೇ ತರಗತಿಯಲ್ಲಿ ಕೂರಿಸಬೇಕು ಅನ್ನಿಸುತ್ತದೆ. ಜುಲೈ ಕೊನೆಯವರೆಗೆ ಪೆಟ್ಟಿಗೆಗಳೆಲ್ಲ ಒಡೆಯದೆ ಉಳಿದರೆ ಪ್ರಮಾಣಪತ್ರ ಕೊಡುತ್ತಾರೆ. ಅದು ಸಿಕ್ಕಿದರೆ ಮಾತ್ರ ನಮ್ಮದೇ ಸಂವಿಧಾನ, ಚುನಾವಣೆ, ನಮ್ಮದೇ ಸರ್ಕಾರ. ಒಂದು ಪೆಟ್ಟಿಗೆ ಒಡೆದರೂ ಎಲ್ಲ ಮೊದಲಿಂದ.

ಕೈ ಖಾಲಿ ಇಟ್ಟುಕೊಂಡು ಕೂರುವ ಅಭ್ಯಾಸ ನನಗಿಲ್ಲ. ತೆಂಗಿನ ಕಡ್ಡಿಯ ಪೊರಕೆ ಹಿಡಿದು ಪೆಟ್ಟಿಗೆಯ ಸುತ್ತ ಗುಡಿಸಿದೆ. ಎಲೆ ರಾಶಿ ಬಿದ್ದರೆ ಹಾವು ಸೇರಿಕೊಳ್ಳುತ್ತದೆ.

ಮಾರ್ಚ್ ೧೯, ಬುಧವಾರ

ವೆರೋನಾ ನನ್ನ ಮನೆಗೆ ಬರದೆ ಎಂಟು ದಿನವಾಯಿತು. ಚಿಕ್ಕಮ್ಮನ ಮಗಳು, ಪಕ್ಕದ ಮನೆ, ದಿನಾ ಸಂಜೆ ಬಂದು ಊರಿನವರ ಸುದ್ದಿಯನ್ನೆಲ್ಲ ನನ್ನ ಮೆಟ್ಟಿಲ ಮೇಲೆ ಸುರಿದು ಹೋಗುತ್ತಿದ್ದವಳು. ಇವತ್ತು ನೀರಿನ ಹತ್ತಿರ ಸಿಕ್ಕಾಗ ಕೇಳಿದೆ. ಕೊಡ ತುಂಬಿಸಿಕೊಂಡು ಹೇಳಿದಳು, ಅವಳ ಗಂಡನನ್ನು ಯಾರೋ ತಡೆದು, ನಿನ್ನ ಹೆಂಡತಿ ಕೀಲಿಯವಳ ಮನೆಗೆ ಯಾಕೆ ಹೋಗುತ್ತಾಳೆ ಎಂದರಂತೆ. ಯಾವ ಕಡೆಯವರು ಎಂದು ಕೇಳಿದೆ. ಎರಡೂ ಕಡೆಯವರು ಅಂದಳು.

"ತಪ್ಪು ತಿಳ್ಕೋಬೇಡ ಕಣೇ. ಜುಲೈ ಮುಗೀಲಿ, ನಾಲ್ಕು ತಿಂಗಳ ಸುದ್ದಿ ಒಟ್ಟಿಗೆ ಹೇಳ್ತೀನಿ."

ಹಳಸಿದ ಸುದ್ದಿ ನನಗೆ ಬೇಡ ಎಂದು ತಮಾಷೆ ಮಾಡಿ ಬಂದೆ. ಮನೆಗೆ ಬಂದು ಒಬ್ಬಳಿಗೆ ಸಿಹಿಗೆಣಸು ಬೇಯಿಸಿದೆ. ಪಾತ್ರೆ ದೊಡ್ಡದು, ತಳ ಕಚ್ಚಿತು.

ಏಪ್ರಿಲ್ ೫, ಶನಿವಾರ

ಸಂತೆಯ ದಿನ. ಎಲ್ಲರೂ ಮೈದಾನದ ಪಕ್ಕದ ದಾರಿಯಲ್ಲೇ ಹೋಗುತ್ತಾರೆ, ಯಾರೂ ಈ ಕಡೆ ತಲೆ ತಿರುಗಿಸುವುದಿಲ್ಲ. ಒಬ್ಬ ಮಾತ್ರ ತಿರುಗಿಸಿದ. ಕಮಿಲಸ್. ಬಾಳೆಗೊನೆ ಹೊತ್ತವನು ಕ್ರೋಟನ್ ಗಿಡಗಳಾಚೆ ನಿಂತು ನಾನು ಗುಡಿಸುವುದನ್ನೇ ನೋಡುತ್ತಿದ್ದ. ನೋಡಿಯೂ ನೋಡದವಳಂತೆ ಗುಡಿಸಿದೆ. ಪೊರಕೆ ಕೊಡವಿ ಹೊರಟಾಗ ಬಾಯಿ ಬಿಟ್ಟ.

"ಟೀಚರ್, ಹಿಂದಿನ ಮೂಲೆ ಬಿಟ್ಟುಬಿಟ್ರಿ."

ಮೈ ಉರಿದುಹೋಯಿತು. ಮೂರನೇ ತರಗತಿಯಲ್ಲಿ ಇವನಿಗೆ ಕಳೆಯುವ ಲೆಕ್ಕ ಕಲಿಸಲು ಒಂದು ವರ್ಷ ಹೆಣಗಿದವಳು ನಾನು, ಕೊನೆಗೂ ಬರಲಿಲ್ಲ. ನನಗೆ ಗುಡಿಸುವುದು ಹೇಳಿಕೊಡುತ್ತಾನೆ. ಬಾಯಿ ಮುಚ್ಚಿಕೊಂಡು ಸಂತೆಗೆ ಹೋಗು ಎಂದೆ. ಹೋದ.

ಆಮೇಲೆ ಹೋಗಿ ನೋಡಿದೆ. ಮಳೆಮರದ ಬೇರಿನ ಕಡೆ, ಪೆಟ್ಟಿಗೆಯ ಹಿಂದೆ, ನಿಜವಾಗಿಯೂ ಕಸ ಇತ್ತು. ಗುಡಿಸಿದೆ. ಅವನು ಹೇಳಿದ್ದಕ್ಕಲ್ಲ.

ಏಪ್ರಿಲ್ ೨೦, ಭಾನುವಾರ, ಈಸ್ಟರ್

ಪೂಜೆ ಮುಗಿಸಿ ಹಿರಿಯರು ಮೂವರು ಬಂದಿದ್ದರು. ಪ್ರಮಾಣಪತ್ರ ಕೊಡುವವನು ಓಲಾಫ್ ಆದರೂ ಇವರಿಗೆ ಬೇಕಾದದ್ದು ಅಡಿಕೆ. ರಕ್ತ ಬಿದ್ದ ಎರಡು ಕುಲದವರು ಒಂದೇ ಸೋರೆಬುರುಡೆಯ ಸುಣ್ಣ ತೆಗೆದು ಅಡಿಕೆ ಜಗಿದರೆ ವಿಷಯ ಮುಗಿದಂತೆ. ಉಳಿದ ಕುಲಗಳೆಲ್ಲ ಜಗಿದಾಯಿತು, ನಮ್ಮದೊಂದು ಬಾಕಿ. ನೀನೊಬ್ಬಳು ಒಪ್ಪಿ ಕಮಿಲಸ್ ಜೊತೆ ಕೂತರೆ ಆಯಿತು ಅಂದರು. ಕ್ರಮ ನಿಮಗೂ ಗೊತ್ತಿದೆ ಎಂದೆ. ಮೊದಲು ನಡೆದದ್ದೆಲ್ಲ ಹೇಳಬೇಕು, ಮೂಳೆ ಒಪ್ಪಿಸಬೇಕು, ಆಮೇಲೆ ಜಗಿಯಬೇಕು. ಒಳಗೆ ಮುಚ್ಚಿಟ್ಟುಕೊಂಡು ಜಗಿದವನ ಬಾಯಿ ಕೊಳೆಯುತ್ತದೆ, ಅವನ ಮಕ್ಕಳ ಬಾಯಿಯೂ. ಅಣ್ಣನ ಮೂಳೆ ತಂದು ನನ್ನ ಮಡಿಲಿಗೆ ಹಾಕಿ, ಅವತ್ತೇ ಜಗಿಯುತ್ತೇನೆ.

ಸಂಜೆ ಲಿನಸ್ ಬಂದು ಗಿಡಗಳಾಚೆ ನಿಂತ. ಹಬ್ಬಕ್ಕೆಂದು ಬಾಳೆಕಾಯಿ ಕುಟ್ಟಿ ತೆಂಗಿನ ಹಾಲಿನಲ್ಲಿ ತಾಮತಾಮ ಮಾಡಿದ್ದೆ. ಎಲೆಯಲ್ಲಿ ಕಟ್ಟಿ ಗಿಡದ ಮೇಲಿಂದ ಕೊಟ್ಟೆ. ನಿಂತೇ ತಿಂದ. ಬಂದೂಕುಗಳನ್ನು ನಾಶ ಮಾಡಿಬಿಟ್ಟರೆ ಮಾವನ ಸುದ್ದಿ ಯಾರೂ ಹೇಳುವುದಿಲ್ಲ ಎಂದ. ಹೆದರಿಕೆ ಇದ್ದರೆ ತಾನೇ ಬಾಯಿ ಬಿಡುವುದು ಎನ್ನುವುದು ಅವನ ವಾದ. ಅವನ ಬಂದೂಕು ನೀರಿನ ಪೈಪಿನಿಂದ ಅವನೇ ಮಾಡಿಕೊಂಡದ್ದು, ಅರ್ಧ ಸಲ ಹಾರುತ್ತಲೇ ಇರಲಿಲ್ಲ. ಅದಕ್ಕೆ ಹೆದರಿ ಯಾರು ಏನು ಹೇಳಿಯಾರು? ಆದರೆ ನಗಲಿಲ್ಲ. ನನ್ನ ಕೈಯಲ್ಲಿ ಬಂದೂಕಿಗಿಂತ ಗಟ್ಟಿಯಾದದ್ದಿದೆ, ನಾನು ಜಗಿಯುವವರೆಗೆ ಕಮಿಲಸ್‌ಗೆ ಬಿಡುಗಡೆ ಇಲ್ಲ ಎಂದು ಸಮಾಧಾನ ಹೇಳಿದೆ.

"ಜಗಿಯಲ್ಲ ತಾನೆ?"

"ಮೂಳೆ ಬರೋವರೆಗೆ ಇಲ್ಲ."

"ಮಾತು ಕೊಡಮ್ಮ."

ಕೊಟ್ಟೆ.

ಏಪ್ರಿಲ್ ೩೦

ಯಾರೂ ಬರಲಿಲ್ಲ.

ಮೇ ೯

ಇವತ್ತು ನಾನು ಆಡಿದ ಮಾತು: ಕೋಳಿಗೆ ಎರಡು ಸಲ, ಪೊರಕೆಗೆ ಒಂದು ಸಲ. ಗಂಡ ಬದುಕಿದ್ದಿದ್ದರೆ ಅವನಿಗಾದರೂ ಬೈಯಬಹುದಿತ್ತು. ಸರ್ಕಾರ ಹಡಗು ನಿಲ್ಲಿಸಿದ್ದ ಕಾಲದಲ್ಲಿ ಮಲೇರಿಯಾ ಬಂದು ಹೋದ, ಒಂದು ಮಾತ್ರೆ ಸಿಗಲಿಲ್ಲ.

ಮೇ ೧೫, ಗುರುವಾರ

ಓಲಾಫ್ ಬಂದು ಬೀಗ ಅಲುಗಾಡಿಸಿದ. ಕೂತು ಚಹಾ ಕುಡಿ ಎಂದೆ. ಇನ್ನೂ ಎರಡು ಪೆಟ್ಟಿಗೆ ನೋಡಬೇಕು ಎಂದು ಗಡಿಯಾರ ತೋರಿಸಿದ. ಎರಡು ಲೋಟ ಇಟ್ಟಿದ್ದೆ. ಎರಡನ್ನೂ ನಾನೇ ಕುಡಿದೆ.

ಮೇ ೨೪, ಶನಿವಾರ

ಏನು ಮಾಡಿಬಿಟ್ಟೆ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಮಧ್ಯಾಹ್ನದ ಮಳೆ ಹೊಡೆಯಿತು. ಪೆಟ್ಟಿಗೆಯ ಹಿಂದೆ ಗುಡಿಸುತ್ತಿದ್ದವಳು ಓಡಿ ಬಂದು ಶಾಲೆಯ ಮುರುಕು ಜಗಲಿಯಲ್ಲಿ ನಿಂತೆ. ಕಮಿಲಸ್ ಗಿಡಗಳಾಚೆ ನೆನೆಯುತ್ತ ನಿಂತಿದ್ದ. ಏಳು ವಾರದಿಂದ ಪ್ರತಿ ಶನಿವಾರ ಅವನು ಹಾಗೆ ನಿಲ್ಲುತ್ತಾನೆ, ನಾನು ಪ್ರತಿ ಶನಿವಾರ ಬೈಯುತ್ತೇನೆ. ಇವತ್ತು ಬೈಯಲು ಹೋದವಳು ಕರೆದೆ. ಜಗಲಿ ಮನೆಯಲ್ಲ, ಅಂಗಳವೂ ಅಲ್ಲ, ಷರತ್ತು ಮುರಿದಂತಲ್ಲ ಎಂದು ಮನಸ್ಸಿನಲ್ಲಿ ಲೆಕ್ಕ ಹಾಕಿದೆ. ಬಂದ. ದೂರದಲ್ಲಿ ಕೂತ. ಮಾಡಿನ ಮೇಲೆ ಮಳೆ, ಕಿವಿ ಕೇಳದಷ್ಟು ಜೋರು. ಗಟ್ಟಿಯಾಗಿ ಮಾತಾಡಬೇಕಿತ್ತು, ಹಾಗೆ ಮಾತಾಡಿ ಎಷ್ಟು ದಿನವಾಗಿತ್ತು. ಅವನ ಮಗಳು ಶಾಲೆಗೆ ಹೋಗುತ್ತಾಳಂತೆ, ಹೊಳೆಯಾಚೆ. ಕಳೆಯುವ ಲೆಕ್ಕ ಅಪ್ಪನಿಗೇ ಹೇಳಿಕೊಡುತ್ತಾಳಂತೆ. ನನಗೆ ನಗು ತಡೆಯಲಾಗಲಿಲ್ಲ. ಅವನೂ ನಕ್ಕ. ನಕ್ಕು, ಚೀಲ ಬಿಚ್ಚಿ, ಅಡಿಕೆ ಒಡೆದು ಒಂದು ಹೋಳು ನನ್ನ ಕಡೆ ನೂಕಿದ. ಸುಣ್ಣದ ಬುರುಡೆಯನ್ನು ನಡುವೆ ಇಟ್ಟ. ಯಾರ ಜೊತೆ ಕೂತರೂ ಯಾರೇ ಆದರೂ ಮಾಡುವುದು ಅಷ್ಟೇ.

ನಾನು ಬಾಯಿಗೆ ಹಾಕಿಕೊಂಡೆ. ಸುಣ್ಣವನ್ನೂ ತೆಗೆದುಕೊಂಡೆ. ಮಾತು ಮುಂದುವರಿಸಿದೆ.

ಉಗುಳು ಕೆಂಪಾಗಿ ಮಳೆನೀರಿಗೆ ಬಿದ್ದಾಗ ಇಬ್ಬರೂ ನೋಡಿದೆವು. ಕಮಿಲಸ್ ತನ್ನ ಬಾಯಿಗೆ ಬೆರಳು ಹಾಕಿ ಜಗಿದದ್ದನ್ನೆಲ್ಲ ಕೆರೆದು ತೆಗೆದ, ಬುರುಡೆಯನ್ನೂ ಬಿಟ್ಟು ಮಳೆಯಲ್ಲಿ ಓಡಿದ. ದಾರಿಯಲ್ಲಿ ಸಂತೆಯಿಂದ ಬರುವ ಹೆಂಗಸರಿದ್ದರು. ನನ್ನ ತುಟಿ ಅವರೆಲ್ಲ ನೋಡಿದರು.

ಮೇ ೨೫, ಭಾನುವಾರ

ಇಗರ್ಜಿಯಲ್ಲಿ ಹಿರಿಯರು ನನ್ನ ಕೈ ಕುಲುಕಿದರು. ನಿನ್ನ ದೊಡ್ಡ ಮನಸ್ಸು ಅಂದರು. ಮರೆತು ಜಗಿದೆ ಎಂದರೆ ಯಾರು ನಂಬುತ್ತಾರೆ? ಯಾರಾದರೂ ಮಾತಾಡಿದರೆ ಸಾಕು ಎಂದಿದ್ದೆ, ಅದಕ್ಕೇ ಜಗಿದೆ ಎಂದು ಹೇಗೆ ಹೇಳಲಿ?

ಲಿನಸ್ ಗಿಡಗಳಾಚೆ ಬಂದು ನಿಂತ. ಒಂದೇ ಮಾತು.

"ನಿನ್ ಹತ್ರ ಇದ್ದಿದ್ದು ಅದೊಂದೇ ಅಲ್ವೇನಮ್ಮ."

ಊಟ ಕಟ್ಟಿಕೊಟ್ಟೆ. ಗಿಡದ ಬುಡದಲ್ಲಿ ಇಟ್ಟು ಹೋದ. ಕೋಳಿಗಳು ತಿಂದವು.

ಜೂನ್ ೨, ಸೋಮವಾರ

ಸಂತೆಯ ದಿನವಲ್ಲ, ಆದರೂ ಕಮಿಲಸ್ ಬಂದ. ತುಟಿ ಊದಿಕೊಂಡು, ಬಾಯಿ ತುಂಬ ಹುಣ್ಣು. ಸುಣ್ಣ ಜಾಸ್ತಿಯಾದರೆ ಎಲ್ಲರ ಬಾಯಿಯೂ ಹಾಗೇ ಆಗುತ್ತದೆ, ಉಪ್ಪುನೀರು ಮುಕ್ಕಳಿಸು ಎಂದೆ. ತಲೆ ಅಲ್ಲಾಡಿಸಿದ. ಜಗಲಿಗೂ ಬರಲಿಲ್ಲ, ಗಿಡಗಳ ಹತ್ತಿರವೇ ಮಣ್ಣಿನಲ್ಲಿ ಕೂತುಬಿಟ್ಟ. ಮಗಳ ಬಾಯಿಗೂ ಬರುತ್ತದೆ ಟೀಚರ್, ಹೇಳಿಬಿಡುತ್ತೇನೆ ಎಂದ.

ಹೇಳಿದ. ಸೇತುವೆಯ ಕಥೆ ಸುಳ್ಳು. ಆಗ ನಮ್ಮ ಶಾಲೆಯೇ ಸೈನ್ಯದ ಶಿಬಿರ. ನಾನು ಮಗನನ್ನು ಕಟ್ಟಿಕೊಂಡು ಬೆಟ್ಟದ ಮೇಲಿದ್ದೆ, ನಮಗೆ ಏನೂ ತಿಳಿಯದು. ಕಾಡಿನವರಿಗೆ ಔಷಧಿ ಕೊಡುವವನು ಯಾರು ಎಂದು ಸೈನಿಕರು ಕೇಳಿದಾಗ ಸಾಲಿನಲ್ಲಿ ನಿಂತಿದ್ದ ಬೊನಿ ಅಣ್ಣನನ್ನು ಬೆರಳು ಮಾಡಿ ತೋರಿಸಿದವನು ಕಮಿಲಸ್. ಗುಂಡು ಹಾರಿಸಿದವನು ಅವನ ಗುಂಪಿನ ಇನ್ನೊಬ್ಬ, ಅವನೂ ಈಗಿಲ್ಲ. ಹೊಂಡ ತೋಡಿದ್ದು ಕಮಿಲಸ್.

ಎಲ್ಲಿ ಎಂದು ಕೇಳಿದೆ. ತಲೆ ಎತ್ತಲಿಲ್ಲ.

"ತರಗತಿ ಕಟ್ಟೋಕೆ ಅಲ್ಲೇ ಅಗೀತಾರೆ ಅಂದ್ರು ಟೀಚರ್. ಗುದ್ದಲಿ ತಗುಲುತ್ತಲ್ಲ ಅಂತ ಭಯ ಆಯ್ತು. ಅದಕ್ಕೇ ಪೆಟ್ಟಿಗೆ ಅಲ್ಲಿ ಇಡಿಸ್ದೆ."

ಎಷ್ಟೋ ಹೊತ್ತು ನನಗೆ ಅರ್ಥವಾಗಲಿಲ್ಲ. ಪೆಟ್ಟಿಗೆಯ ಹಿಂದಿನ ಮೂಲೆ. ಅಣ್ಣ ಅರ್ಧ ಪೆಟ್ಟಿಗೆಯ ಕೆಳಗೆ, ಅರ್ಧ ಹೊರಗೆ.

ಎದ್ದು ಹೋಗು ಎಂದೆ. ಹೋದ. ಪೊರಕೆ ಕೈಯಲ್ಲೇ ಇತ್ತು.

ಜೂನ್ ೩

ಬರೆಯಲಾರೆ.

ಜೂನ್ ೫, ಗುರುವಾರ

ಪೆಟ್ಟಿಗೆಯ ಹಿಂದೆ, ಬೇರಿನ ಮೇಲೆ ಕೂತೇ ಊಟ ಮಾಡುತ್ತೇನೆ. ಮೂರು ತಿಂಗಳಿಂದ ಒಬ್ಬಳೇ ಎಂದು ಪುಟಗಟ್ಟಲೆ ಗೊಣಗಿದ್ದೇನೆ, ಅಣ್ಣ ಹತ್ತು ಹೆಜ್ಜೆ ದೂರದಲ್ಲಿದ್ದ. ಮೊದಲು ದಿನಕ್ಕೊಮ್ಮೆ ಗುಡಿಸುತ್ತಿದ್ದೆ, ಈಗ ಎರಡು ಸಲ.

ಯಾರಿಗೆ ಹೇಳಲಿ? ಹಿರಿಯರಿಗೆ ಹೇಳಿದರೆ ಊರಿಗೆ ಹೇಳಿದಂತೆ. ಲಿನಸ್‌ಗೆ ಹೇಳಿದರೆ ಇವತ್ತೇ ಪೆಟ್ಟಿಗೆ ಉರುಳಿಸುತ್ತಾನೆ, ಬೀಗ ಒಡೆಯುತ್ತಾನೆ, ಆಮೇಲೆ ಹೊಳೆಯಾಚೆ ಹೋಗುತ್ತಾನೆ, ಕಮಿಲಸ್ ಮನೆಗೆ. ಕಮಿಲಸ್‌ನ ತಮ್ಮಂದಿರು ಇಲ್ಲಿಗೆ ಬರುತ್ತಾರೆ. ಹತ್ತು ವರ್ಷದ ಗುಂಡು ಮತ್ತೆ ಶುರು. ಓಲಾಫ್‌ಗೆ ಹೇಳಿದರೆ ಬರೆದುಕೊಳ್ಳುತ್ತಾನೆ, ಮೇಲಿನವರಿಗೆ ಕಳಿಸುತ್ತಾನೆ, ಅವರು ಸಮಿತಿ ಮಾಡುತ್ತಾರೆ.

ಜುಲೈ ೨೪ಕ್ಕೆ ಕೊನೆಯ ತಪಾಸಣೆ. ಇನ್ನು ನಲವತ್ತೊಂಬತ್ತು ದಿನ. ಅಣ್ಣ, ಹತ್ತು ವರ್ಷ ಕಾದಿದ್ದೀಯ.

ಜೂನ್ ೨೧, ಶನಿವಾರ

ಬೆಳಿಗ್ಗೆ ಲಿನಸ್ ಬಂದ. ಜೊತೆಗೆ ನಾಲ್ವರು, ಕೈಯಲ್ಲಿ ಹಾರೆಗಳು. ಗಿಡಗಳ ಸಾಲನ್ನು ದಾಟಿ ಬಂದರು. ಮೇಲಿನ ಬೆಟ್ಟದವರು ಒಪ್ಪಂದಕ್ಕೆ ಸೇರಿಲ್ಲ, ಅವರ ಬಂದೂಕು ಅವರ ಹತ್ತಿರವೇ ಇದೆ, ನಮ್ಮದು ಮಾತ್ರ ಯಾಕೆ ಒಳಗೆ ಎಂದು ಒಬ್ಬ ಕೂಗಿದ. ಲಿನಸ್ ಕೂಗಲಿಲ್ಲ. ಅವನು ಸುಮ್ಮನಿದ್ದಾಗಲೇ ನನಗೆ ಹೆದರಿಕೆ.

ನಾನು ಬಾಗಿಲಿಗೆ ಬೆನ್ನು ಕೊಟ್ಟು ನೆಲದಲ್ಲಿ ಕೂತೆ. ನಮ್ಮಲ್ಲಿ ನೆಲದ ಒಡತಿ ನಡುವೆ ಕೂತರೆ ಗಂಡಸು ದಾಟಬಾರದು. ಆ ನಾಲ್ವರು ಅಲ್ಲೇ ನಿಂತರು. ಲಿನಸ್ ಬಂದು ನನ್ನ ಮುಂದೆ ಕುಕ್ಕರುಗಾಲಲ್ಲಿ ಕೂತ.

"ಏಳಮ್ಮ."

"ಏಳಲ್ಲ."

"ಅವನ ಜೊತೆ ಕೂತು ಜಗಿದೆ. ಈಗ ಅವನ ಪೆಟ್ಟಿಗೆ ಕಾಯ್ತೀಯ. ಮಾವ ನಿನ್ನ ಅಣ್ಣ ಹೌದೋ ಅಲ್ವೋ?"

ಬಾಯಿ ತುದಿಗೆ ಬಂದಿತ್ತು. ನನ್ನ ಬೆನ್ನ ಹಿಂದೆ, ಹತ್ತು ಹೆಜ್ಜೆ. ಹೇಳಿದ್ದು ಇಷ್ಟೇ: "ಜುಲೈವರೆಗೆ ಕೇಳಬೇಡ. ಆಮೇಲೆ ನೀನು ಕೇಳಿದ್ದಕ್ಕೆಲ್ಲ ಉತ್ತರ ಹೇಳ್ತೀನಿ. ಈಗ ನನ್ನ ದಾಟಿಕೊಂಡು ಹೋಗ್ಬೇಕು ಅಂದ್ರೆ ಹೋಗು."

ಅವನು ಹಾರೆಯನ್ನು ನೆಲಕ್ಕೆ ಚುಚ್ಚಿ, ಹಾಗೇ ಬಿಟ್ಟು ಎದ್ದ. ಹೋಗುವಾಗ ಹಿಂತಿರುಗಿ ನೋಡಲಿಲ್ಲ. ಐವರೂ ದಾರಿಯ ತಿರುವು ದಾಟುವವರೆಗೆ ಕೂತಿದ್ದೆ. ಆಮೇಲೆ ಪೆಟ್ಟಿಗೆಯ ಹಿಂದೆ ಹೋಗಿ ಅತ್ತೆ, ಗಟ್ಟಿಯಾಗಿಯೇ ಅತ್ತೆ. ಕೇಳಿಸಿಕೊಳ್ಳಲು ಯಾರಿದ್ದರು.

ಜುಲೈ ೫, ಶನಿವಾರ

ಹೋದ ವಾರ ದಾರಿಯಲ್ಲಿ ಕಂಡಾಗ ಬಾ ಎಂದಿದ್ದೆ, ಕಮಿಲಸ್ ತಡವಾಗಿ ಬಂದ. ಮಧ್ಯಾಹ್ನದವರೆಗೂ ದಾರಿ ನೋಡಿ ಸಾಕಾಯಿತು. ಹೇಳಿದ ಹೊತ್ತಿಗೆ ಬರುವುದು ಇವನಿಗೆ ಮೂರನೇ ತರಗತಿಯಲ್ಲೂ ಗೊತ್ತಿರಲಿಲ್ಲ. ಬಾಯಿ ಹುಣ್ಣು ವಾಸಿಯಾಗಿದೆ. ಗಿಡಗಳಾಚೆ ನಿಂತು, ಅಣ್ಣ ಅವತ್ತು ಏನು ಉಟ್ಟಿದ್ದ, ಕೊನೆಗೆ ಏನು ಹೇಳಿದ ಎಂದು ನಾನು ಕೇಳಿದ್ದಕ್ಕೆಲ್ಲ ಹೇಳಿದ. ನೀಲಿ ಅಂಗಿ. ಔಷಧಿ ಚೀಲ ಒದ್ದೆಯಾಗದ ಹಾಗೆ ಇಡು ಎಂದನಂತೆ. ಅಣ್ಣ ಅಂದರೆ ಹಾಗೇ. ಈ ಭೂಮಿಯ ಮೇಲೆ ಇದನ್ನು ನಾನು ಮಾತಾಡಬಹುದಾದವನು ಇವನೊಬ್ಬನೇ. ಒಂದು ಗೊನೆ ಬಾಳೆಹಣ್ಣು ಗಿಡದ ಮೇಲಿಂದ ಕೊಟ್ಟ. ಸ್ವಲ್ಪ ಹೆಚ್ಚೇ ಹಣ್ಣಾಗಿತ್ತು ಎಂದು ಬೈದೆ.

ಜುಲೈ ೨೪, ಗುರುವಾರ

ಓಲಾಫ್, ಅವನ ಮೇಲಧಿಕಾರಿ, ಎರಡೂ ಕಡೆಯ ಮುಖ್ಯಸ್ಥರು, ಊರೆಲ್ಲ ಸೇರಿತ್ತು. ಎರಡು ಕೀಲಿ ಹಾಕಿ ಬಾಗಿಲು ತೆಗೆದರು. ಒಳಗಿನಿಂದ ಎಣ್ಣೆ, ತುಕ್ಕಿನ ವಾಸನೆ. ಪಟ್ಟಿ ಓದಿ ಒಂದೊಂದೇ ಮುಟ್ಟಿ ನೋಡಿದರು. ಯಾವುದೂ ಕಡಿಮೆ ಇಲ್ಲ. ಲಿನಸ್‌ನ ಪೈಪು ಬಂದೂಕು ಬಂದಾಗ ಮೇಲಧಿಕಾರಿ ಅದರ ಬಾಯಿ ಯಾವ ಕಡೆ ಎಂದು ಕೇಳಿದ. ಎಲ್ಲರೂ ನಕ್ಕರು. ದೂರದಲ್ಲಿ ನಿಂತಿದ್ದ ಲಿನಸ್ ನಗಲಿಲ್ಲ.

ಆಮೇಲೆ ಓಲಾಫ್ ಕಾಗದ ಹಿಡಿದು ನೆಲದ ಒಡತಿಗೆ ಕೇಳಬೇಕಾದ ಪ್ರಶ್ನೆಗಳನ್ನು ಕೇಳಿದ. ಪೆಟ್ಟಿಗೆ ಕೂತಿರುವ ಜಾಗದ ಬಗ್ಗೆ ತಕರಾರು ಏನಾದರೂ ಇದೆಯೇ?

ಇಲ್ಲ ಎಂದೆ. ರುಜು ಹಾಕಿದೆ. ಗುಂಪಿನಲ್ಲಿ ಕಮಿಲಸ್ ಕಾಲಿನ ಹೆಬ್ಬೆರಳು ನೋಡುತ್ತಿದ್ದ.

ಪೆಟ್ಟಿಗೆ ಯಾವಾಗ ಎತ್ತುತ್ತೀರಿ ಎಂದು ಕೇಳಿದೆ. ಬಂದೂಕುಗಳನ್ನು ಏನು ಮಾಡುವುದೆಂದು ಎರಡೂ ಕಡೆಯವರು ತೀರ್ಮಾನಿಸಬೇಕು, ಆಮೇಲೆ ಕತ್ತರಿಸಬೇಕು, ಬಹುಶಃ ಮುಂದಿನ ವರ್ಷ ಎಂದ. ಅಲ್ಲಿಯವರೆಗೆ ಕೀಲಿ ನನ್ನ ಹತ್ತಿರವೇ. ಅಂಗಳದ ಷರತ್ತು ಮಾತ್ರ ಇವತ್ತಿಗೆ ಮುಗಿಯಿತು ಎಂದು ಹಿರಿಯರು ಸಾರಿದರು. ವೆರೋನಾ ಅಲ್ಲಿಂದಲೇ ಕೈ ಬೀಸಿದಳು.

ಜುಲೈ ೨೫, ಶುಕ್ರವಾರ

ಲಿನಸ್‌ನನ್ನು ನಾನೇ ಹೋಗಿ ಕರೆದುಕೊಂಡು ಬಂದೆ. ಸುಮಾರು ಐದು ತಿಂಗಳಾದ ಮೇಲೆ ಮನೆಯೊಳಗೆ ಬಂದ. ಅವನು ಕೂರುತ್ತಿದ್ದ ಜಾಗದಲ್ಲಿ ಹಾಜರಿ ಪುಸ್ತಕ ಇತ್ತು, ಎತ್ತಿ ಪಕ್ಕಕ್ಕಿಟ್ಟೆ. ಕೊರಳಿನ ಕೀಲಿ ಬಿಚ್ಚಿ ಅವನ ಮುಂದೆ ಇಟ್ಟೆ. ಕೈಯಲ್ಲಿ ಕೀಲಿ ಹಿಡಿದುಕೊಂಡು ಇದನ್ನು ಅವನಿಗೆ ಹೇಳುವುದು ಸರಿಯಲ್ಲ ಅನ್ನಿಸಿತು. ಒಂದು ಬೀಗ ತೆಗೆದರೆ ಇನ್ನೊಂದಕ್ಕೆ ಅವನ ಹಾರೆಯೇ ಸಾಕು, ಅದೂ ಗೊತ್ತಿತ್ತು. ಆಮೇಲೆ ಎಲ್ಲ ಹೇಳಿದೆ. ಬೆರಳು ತೋರಿಸಿದ್ದು, ಹೊಂಡ, ಗೂಟ ಹೊಡೆದ ಜಾಗ, ಮೂಲೆ.

ಲಿನಸ್ ಕೇಳಿದ, "ನಾನು ಹಾರೆ ತಂದ ದಿನ ನಿನಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಅಲ್ಲೇ ಕೂತಿದ್ಯಲ್ಲಮ್ಮ. ಒಬ್ಬಳೇ."

ಬೈಯುತ್ತಾನೆ ಎಂದುಕೊಂಡಿದ್ದೆ. ಎದ್ದು ಹೋದ. ಯಾವ ಕಡೆ ಹೋದ ಎಂದು ಬಾಗಿಲಿಗೆ ಹೋಗಿ ನೋಡುವ ಧೈರ್ಯ ನನಗಿರಲಿಲ್ಲ. ಕೀಲಿ ಇಟ್ಟಲ್ಲೇ ಇತ್ತು.

ಜುಲೈ ೨೬, ಶನಿವಾರ

ಬೆಳಿಗ್ಗೆ ಗುಡಿಸುವ ಸದ್ದಿಗೆ ಎಚ್ಚರವಾಯಿತು. ಬಾಗಿಲ ಹಿಂದೆ ನನ್ನ ಪೊರಕೆ ಇರಲಿಲ್ಲ.

ಲಿನಸ್ ಪೆಟ್ಟಿಗೆಯ ಮುಂದಿನಿಂದ ಗುಡಿಸಿಕೊಂಡು ಹಿಂದಕ್ಕೆ ಹೋಗುತ್ತಿದ್ದ. ಅವನಿಗೆ ಗುಡಿಸುವ ಅಭ್ಯಾಸವಿಲ್ಲ, ಎಲೆಗಿಂತ ಧೂಳೇ ಹೆಚ್ಚು ಎದ್ದಿತ್ತು. ಮೂಲೆಗೆ ಬಂದು ನಿಂತುಬಿಟ್ಟ. ಎಲ್ಲಿ ಕಾಲಿಡಬೇಕೋ ಗೊತ್ತಾಗದವನ ಹಾಗೆ ಒಂದು ಹೆಜ್ಜೆ ಹಿಂದೆ ಸರಿದ.

ಸಂತೆಯ ದಿನ. ಕ್ರೋಟನ್ ಗಿಡಗಳಾಚೆ ಕಮಿಲಸ್ ಬಾಳೆಗೊನೆ ಹೊತ್ತು ನಿಂತಿದ್ದ. ಓಡಲಿಲ್ಲ. ಗೊನೆ ಕೆಳಗಿಟ್ಟು ಎರಡೂ ಕೈ ಕಾಣುವ ಹಾಗೆ ನಿಂತ. ನಾನು ಮೆಟ್ಟಿಲಲ್ಲಿ ನಿಂತೆ. ಈ ಸಲ ನಡುವೆ ಹೋಗಿ ಕೂರಲಿಲ್ಲ.

ಲಿನಸ್ ಅವನ ಕಡೆ ನೋಡಲಿಲ್ಲ. ನೆಲ ನೋಡುತ್ತಲೇ ಕೇಳಿದ.

"ಎಲ್ಲಿಂದ ಎಲ್ಲಿವರೆಗೆ?"

ಕಮಿಲಸ್ ಗಿಡಗಳನ್ನು ದಾಟಿ ಬಂದ. ಮೊಣಕಾಲೂರಿ ಮಣ್ಣಿನ ಮೇಲೆ ಅಂಗೈ ಇಟ್ಟು ತೋರಿಸಿದ, ಇಲ್ಲಿಂದ, ಬೇರಿನ ಪಕ್ಕದಲ್ಲಿ, ಪೆಟ್ಟಿಗೆಯ ಕೆಳಗೆ ಹೀಗೆ. ಲಿನಸ್ ಅಷ್ಟು ಜಾಗ ಬಿಟ್ಟು ಅದರ ಸುತ್ತ ಮೆಲ್ಲಗೆ ಗುಡಿಸಿದ. ಆಮೇಲೆ ಅದರ ಮೇಲಿದ್ದ ಎಲೆಗಳನ್ನು ಬಾಗಿ ಕೈಯಿಂದಲೇ ಒಂದೊಂದಾಗಿ ಆರಿಸಿದ. ಕಮಿಲಸ್ ಆ ತುದಿಯಿಂದ ಆರಿಸಿದ.

ಒಲೆಯ ಮೇಲೆ ಒಬ್ಬಳಿಗೆಂದು ಇಟ್ಟ ಸಿಹಿಗೆಣಸು ಬೇಯುತ್ತಿತ್ತು. ಇನ್ನೂ ನಾಲ್ಕು ಸುಲಿದು ಹಾಕಿದೆ.